ಯಾವ ಸೆಕ್ಟರ್ ಚಲೋ?

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಫೋನು ಸದ್ದು ಮಾಡಿತು. ಹಿಟ್ಟಿನ ಕೈಯಲ್ಲೇ, ಕಿರುಬೆರಳಿನಿಂದ ಒತ್ತಿ ನೋಡಿದೆ. ಬಾದಾಮಿಯಲ್ಲಿರುವ ನನ್ನ ಅಕ್ಕನ ಮಗಳು ಸವಿತಾ. ಗಂಡನಿಗೆ ಬಾಗಲಕೋಟೆಗೆ ವರ್ಗವಾಗಿದೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರಬೇಕು, ಮನೆ ಹುಡುಕಬೇಕು. "ಚಿಗವ್ವ, ನವನಗರದಾಗ ಯಾವ ಸೆಕ್ಟರ್ ಚಲೋ? ನಮ್ಮ ಪೈಕಿ ಮಂದಿ ಇರೋ ಕಡೆ ನೋಡಬೇ" ಎಂದು ಬರೆದು ಕೆಳಗೆ ಕೈಮುಗಿದ ಚಿತ್ರ ಹಾಕಿದ್ದಳು. ಓದಿದ ಕೂಡಲೇ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ರೊಟ್ಟಿಗೆ ಒಂದು ಏಟು ಹೆಚ್ಚು ಬಿದ್ದು ನಡುವೆ ಹರಿಯಿತು. ಹಂಚಿನ ಮೇಲಿನದು ಕರಕಲಾಯಿತು. ನಮ್ಮ ಮನೆಯವರು ವಾಸನೆ ಹಿಡಿದು ಬಂದವರು ನನ್ನ ಮುಖ ನೋಡಿ, ಏನೂ ಕೇಳದೆ ಹಿಂದಕ್ಕೆ ಹೋದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಅದು.

ಪಾಪ, ಆ ಹುಡುಗಿಯ ತಪ್ಪೇನು ಎಂದು ನೀವು ಕೇಳಬಹುದು. ಊರು ಬಿಟ್ಟು ಊರಿಗೆ ಬರುವವರು ಕೇಳಲೇಬೇಕಾದ ಪ್ರಶ್ನೆ. ನಾನೂ ಒಂದು ಕಾಲಕ್ಕೆ ಕಂಡಕಂಡವರನ್ನೆಲ್ಲ ಕೇಳಿದವಳೇ. ನನ್ನ ತಕರಾರೆಲ್ಲ ನಡುವೆ ತೂರಿಕೊಂಡು ಕೂತ ಆ 'ಪೈಕಿ' ಎಂಬ ಒಂದು ಶಬ್ದದ ಮೇಲೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಲವತ್ತು ಮಾವಿನ ಹಣ್ಣುಗಳ ಪೈಕಿ ಆರು ಕೊಳೆತರೆ ಉಳಿದವೆಷ್ಟು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಅಲ್ಲಿ ಅದು ತನ್ನ ಪಾಡಿಗೆ ತಾನಿರುವ ಸಾಧು ಶಬ್ದ. ಆದರೆ ನಮ್ಮ ಕಡೆ ಬಸ್ಸಿನ ಸೀಟಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಬಾಡಿಗೆ ಮನೆಯ ಕಟ್ಟೆಯ ಮೇಲೆ ಅದನ್ನೇ ಮನುಷ್ಯರಿಗೆ ಹಚ್ಚುತ್ತಾರೆ. "ನೀವು ಯಾವ ಪೈಕಿ ರೀ?" ಎಂದರೆ ನಿಮ್ಮ ಜಾತಿ ಯಾವುದು ಎಂದು ಅರ್ಥ. ಜಾತಿ ಎಂಬ ಮಾತನ್ನು ಬಾಯಿ ಬಿಟ್ಟು ಆಡಲು ಮಾತ್ರ ನಮಗೆ ಭಾರೀ ಸಂಕೋಚ. ಅಷ್ಟು ಮರ್ಯಾದಸ್ಥರು ನಾವು.

ಏಳು ವರ್ಷದ ಹಿಂದೆ ನಾನು ಇಳಕಲ್‌ನಲ್ಲಿದ್ದೆ. ಅದೇ ಶಾಲೆಯಲ್ಲಿ ರೇಣುಕಾ ಕನ್ನಡ ಕಲಿಸುತ್ತಿದ್ದಳು. ಅವಳ ನಗು ಎರಡು ಕೋಣೆ ದಾಟಿ ನನ್ನ ತರಗತಿಗೆ ಬರುತ್ತಿತ್ತು, ಹುಡುಗರು ಲೆಕ್ಕ ಬಿಟ್ಟು ಕಿವಿ ನೆಟ್ಟಗೆ ಮಾಡುತ್ತಿದ್ದರು. ನನ್ನ ಡಬ್ಬಿಯ ಪುಂಡಿಪಲ್ಯ ಅವಳಿಗೆ, ಅವಳ ಡಬ್ಬಿಯ ಶೇಂಗಾಹಿಂಡಿ ನನಗೆ. ನನ್ನ ಮಗಳು ಹುಟ್ಟಿದಾಗ ದವಾಖಾನೆಯಲ್ಲಿ ಮೂರು ದಿನ ನನ್ನ ಜೊತೆ ಕೂತವಳು ಅವಳು. ನಮ್ಮ ಅತ್ತಿಗೆ ನಾದಿನಿಯರೆಲ್ಲ ಒಂದೊಂದು ತಾಸು ಬಂದು ಹಣ್ಣು ಇಟ್ಟು ಹೋದರು, ಅದು ಬೇರೆ ಮಾತು. ಇಬ್ಬರಿಗೂ ಒಟ್ಟಿಗೇ ಬಾಗಲಕೋಟೆಗೆ, ಅದೂ ಒಂದೇ ಶಾಲೆಗೆ ವರ್ಗವಾದಾಗ ನಾವು ಕುಣಿದಾಡುವುದೊಂದು ಬಾಕಿ. ಒಂದೇ ಮನೆಯ ಕೆಳಗೆ ಮೇಲೆ ಬಾಡಿಗೆ ಹಿಡಿಯೋಣ ಎಂದು ನಿರ್ಧಾರವಾಯಿತು. ಅವಳ ಅತ್ತೆಗೆ ಮೊಣಕಾಲು ನೋವು, ಆದ್ದರಿಂದ ಕೆಳಗಿನದು ಅವಳಿಗೆ, ಮೇಲಿನದು ನನಗೆ ಎಂದೂ ಆಯಿತು.

ಹಳೆಯ ಪ್ರಶ್ನೆಪತ್ರಿಕೆಯ ಹಿಂದೆ ನಾನು ಒಂದು ಪಟ್ಟಿ ಮಾಡಿದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಶಾಲೆಗೆ ಎಷ್ಟು ದೂರ, ಕಾಯಿಪಲ್ಯೆ ಎಲ್ಲಿ ಸಿಗುತ್ತದೆ, ಇಳಕಲ್ ಬಸ್ಸಿಗೆ ಎಲ್ಲಿ ನಿಲ್ಲಬೇಕು. ಒಂದೊಂದಕ್ಕೂ ಅಂಕ. ಭಾನುವಾರ ಬಂತೆಂದರೆ ಇಬ್ಬರೂ ಬಸ್ಸು ಹತ್ತಿ, ಹುನಗುಂದ, ಅಮೀನಗಡ ದಾಟಿ, ಬಿಸಿಲಲ್ಲಿ ಒಂದು ಕೊಡೆಯ ಕೆಳಗೆ ಬಾಗಲಕೋಟೆಯನ್ನು ಅಳೆಯುತ್ತಿದ್ದೆವು. ವಿದ್ಯಾಗಿರಿ ಚಲೋ, ಆದರೆ ಶಾಲೆಗೆ ದೂರ. ಹಳೆ ಊರಿನಲ್ಲಿ ಸಂತೆ ಹತ್ತಿರ, ಆದರೆ ರಸ್ತೆ ಕಿರಿದು. ಕೊನೆಗೆ ನವನಗರಕ್ಕೆ ಹೆಚ್ಚು ಅಂಕ ಬಿತ್ತು. ನಾನು ಪಟ್ಟಿಯ ಕೆಳಗೆ ಎರಡು ಗೆರೆ ಎಳೆದು ಉತ್ತರ ಬರೆದೆ. ಪಟ್ಟಿಯಲ್ಲಿ ಇಲ್ಲದ್ದೊಂದನ್ನು ಊರೆಲ್ಲ ಮೊದಲು ಕೇಳುತ್ತದೆ ಎಂಬುದು ಇಷ್ಟು ಓದಿದ ನನ್ನ ತಲೆಗೆ ಹೊಳೆಯಲಿಲ್ಲ.

ನವನಗರ ಹೇಗೆ ಹುಟ್ಟಿತು ಎಂದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಳೆ ಊರಿನ ಎಷ್ಟೋ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋದವು. ಮುಳುಗಡೆಯಾದವರಿಗೆಂದು ಬಯಲಿನಲ್ಲಿ ಗೆರೆ ಎಳೆದು, ಕಲ್ಲು ನೆಟ್ಟು, ಒಂದನೇ ಸೆಕ್ಟರ್, ಎರಡನೇ ಸೆಕ್ಟರ್ ಎಂದು ಎಣಿಸುತ್ತ ಹೊಸ ಊರು ಕಟ್ಟಿದರು. ಹಳೆ ಓಣಿಗೆ ಅಲ್ಲಿದ್ದವರ ಕುಲದ ಹೆಸರಿತ್ತು, ಹೊಸದಕ್ಕೆ ಬರೀ ಅಂಕಿ. ಅಂಕಿಗೆ ಜಾತಿ ಇರುವುದಿಲ್ಲವೆಂದು ಗಣಿತದವಳಾದ ನನಗೆ ದೊಡ್ಡ ಭರವಸೆ. ಎಂಥ ಪೆದ್ದಿ! ಓಣಿಗಳು ಮುಳುಗಿದವು, ಪೈಕಿ ಮಾತ್ರ ಈಜಿಕೊಂಡು ದಡ ಸೇರಿ, ಮಾಳಿಗೆ ಕಟ್ಟಿಸಿ, ಗೇಟಿಗೆ ಬಣ್ಣ ಹಚ್ಚಿಸಿಕೊಂಡು ಕೂತಿತ್ತು.

ಆ ಮನೆಯನ್ನು ಹುಡುಕಿದವಳು ರೇಣುಕಾ. ಇದು ನೆನಪಿರಲಿ. ಕಾಯಿಪಲ್ಯೆ ಮಾರುವವಳ ಹತ್ತಿರ ಮಾತಾಡಿ, ಮೇಲೂ ಕೆಳಗೂ ಖಾಲಿ ಇರುವ ಮನೆ ಪತ್ತೆ ಹಚ್ಚಿದ್ದಳು. ಮಾಲಕರು ಕಚೇರಿಯಿಂದ ನಿವೃತ್ತರಾದ ಹಿರಿಯರು, ಪಕ್ಕದ ಮನೆಯಲ್ಲೇ ಇದ್ದರು. ನಮ್ಮನ್ನು ಕೂರಿಸಿ ತಮ್ಮ ಮುಳುಗಡೆಯ ಕಥೆ ಹೇಳಿದರು. ಟ್ರ್ಯಾಕ್ಟರಿನಲ್ಲಿ ಹಂಡೆ ಕೊಡ ಹೇರಿಕೊಂಡು ಬಂದದ್ದು, ಹೊಸ ಮನೆ ಮುಗಿಯುವ ತನಕ ಬಾಡಿಗೆ ಮನೆ ಸಿಗದೆ ಅಲೆದದ್ದು. "ಮನಿ ಕೇಳಕೋತ ಮಂದಿ ಬಾಗಲಾಗ ನಿಂದರೂದು ಭಾಳ ಕೆಟ್ಟ ನೋಡ್ರಿ ಅಕ್ಕೋರ" ಎಂದಾಗ ಅವರ ಕಣ್ಣು ಖರೆಯೇ ಒದ್ದೆಯಾಗಿತ್ತು. ಅದನ್ನು ನೆನೆಸಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವರ ಹೆಂಡತಿ ರೇಣುಕಾಳನ್ನು ಮಾಳಿಗೆ ತೋರಿಸಲು ಕರೆದುಕೊಂಡು ಹೋದರು. ಅವರಿಬ್ಬರೂ ಇಳಿದು ಬಂದಾಗ ಹೆಂಗಸಿನ ಮೂಗು ಕೆಂಪಾಗಿತ್ತು, ಕೈ ರೇಣುಕಾಳ ಹೆಗಲ ಮೇಲಿತ್ತು. ಆಗಲೇ ಹಿರಿಯರು, ಹವೆ ಹೇಗಿದೆ ಎಂದು ಕೇಳುವ ಧಾಟಿಯಲ್ಲಿ, "ಇಳಕಲ್ಲದಾಗ ನಿಮ್ಮದು ಯಾವ ಓಣಿ ರೀ?" ಎಂದರು.

ಓಣಿ ಹೇಳಿದರೆ ಪೈಕಿ ತಾನಾಗಿಯೇ ತಿಳಿಯುತ್ತದೆ. ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತಿರುವ ಯುಕ್ತಿ ಇದು. ಓಣಿ ಕಟ್ಟಿಕೊಂಡು ನಿಮಗೇನಾಗಬೇಕು, ನಾವು ಸಾಲಿ ಕಲಿಸುವವರು ಎಂದು ನಾನು ಹೇಳಬಹುದಿತ್ತು. ನಾನೇನು ಮಾಡಿದೆ ಗೊತ್ತೇ? ಮೊದಲ ಬೆಂಚಿನ ಹುಡುಗಿಯ ಹಾಗೆ ಓಣಿ ಹೇಳಿದೆ, ಅಡ್ಡಹೆಸರು ಹೇಳಿದೆ, ಯಾರೂ ಕೇಳದಿದ್ದರೂ ನಮ್ಮ ಅಜ್ಜನ ಅಂಗಡಿ ಎಲ್ಲಿತ್ತು ಎಂಬುದನ್ನೂ ಹೇಳಿದೆ. "ಓಹೋ, ಹಂಗಾರ ನಮ್ಮವರ ಬಿಡ್ರಿ" ಎಂದು ಅವರು ಖುಷಿಪಟ್ಟರು. ನಾನೂ ಹಲ್ಲು ಬಿಟ್ಟೆ. ಆಮೇಲೆ ಅವರು ರೇಣುಕಾಳ ಕಡೆ ತಿರುಗಿದರು. ಅವಳು ತನ್ನ ಓಣಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. "ಚಲೋ ಆತು, ಚಲೋ ಆತು" ಎಂದು ಹಿರಿಯರು ಎದ್ದು ನಿಂತರು. ಅವರ ಹೆಂಡತಿಯ ಕೈ ಹೆಗಲಿನಿಂದ ಇಳಿದದ್ದನ್ನು ನಾನು ಕಂಡೆ, ಕಂಡೂ ಕಾಣದ ಹಾಗೆ ಚಪ್ಪಲಿ ಹುಡುಕಿದೆ.

ನೀವೂ ಈಗ ಯೋಚಿಸುತ್ತಿದ್ದೀರಿ, ಅಲ್ಲವೇ? ಹಾಗಾದರೆ ಈ ರೇಣುಕಾ ಯಾವ ಪೈಕಿ ಇರಬಹುದು ಎಂದು? ಹೇಳುವುದಿಲ್ಲ. ಗೊತ್ತಾದ ಕೂಡಲೇ ಕೆಲವರು ಅಯ್ಯೋ ಪಾಪ ಎನ್ನುತ್ತೀರಿ, ಕೆಲವರು ಹಿರಿಯರದ್ದೂ ಒಂದು ರೀತಿ ಸರಿ ಎಂದು ಒಳಗೊಳಗೇ ತಲೆಯಾಡಿಸುತ್ತೀರಿ. ಎರಡೂ ನನಗೆ ಬೇಕಾಗಿಲ್ಲ. ಅವಳು ಕನ್ನಡ ಕಲಿಸುತ್ತಾಳೆ, ಜೋರಾಗಿ ನಗುತ್ತಾಳೆ, ಅವಳ ಅತ್ತೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಬಾಡಿಗೆ ಮನೆ ಕೊಡಲು ಇಷ್ಟು ತಿಳಿದರೆ ಸಾಕು.

ಮರುದಿನ ಮಧ್ಯಾಹ್ನ ಹಿರಿಯರ ಫೋನು ನನಗೆ ಬಂತು. ನನಗೊಬ್ಬಳಿಗೇ. "ಅಕ್ಕೋರ, ಕೆಳಗಿನ ಮನಿ ನಿಮಗ ಇಟ್ಟೇನ್ರಿ. ಮ್ಯಾಲಿಂದಕ್ಕ ನಮ್ಮ ಮಗಳು ಅಳಿಯಾ ಬರ್ತಾರಂತ. ನಿಮ್ಮ ಜೋಡಿ ಬಂದಿದ್ರಲ್ಲ, ಆ ಬಾಯಾರಿಗೆ ನೀವ ತಿಳಿಸಿ ಹೇಳಿಬಿಡ್ರಿ." ನಾನು ಆಗಲಿ ಎಂದೆ. ಆಗಲಿ! ಅಳಿಯ ಗಿಳಿಯ ಎಂಥದೂ ಇಲ್ಲವೆಂದು ನನ್ನ ಕಿವಿಗೆ ಗೊತ್ತಾಗಿತ್ತು. ಆದರೂ ರೇಣುಕಾ ಪೇಪರ್ ತಿದ್ದುತ್ತ ಕೂತಲ್ಲಿಗೆ ಹೋಗಿ, ಆ ಸುಳ್ಳನ್ನು ನನ್ನದೇ ಬಾಯಿಂದ ಹೇಳಿದೆ.

ಅವಳು ಕೆಂಪು ಪೆನ್ನು ಕೆಳಗಿಟ್ಟಳು. "ಯಾರ ಅಳಿಯಾ?"

"ಅವರ ಮಗಳ ಗಂಡ ಅಂತ."

"ಅವರಿಗೆ ಮಕ್ಕಳ ಇಲ್ಲಲೇ. ನಿನ್ನಿ ಮಾಳಿಗಿ ಮ್ಯಾಲೆ ನನ್ನ ಮುಂದ ಅದನ್ನ ಹೇಳ್ಕೊಂಡು ಅತ್ತಾಳ ಆಕಿ."

ರೇಣುಕಾ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾದಳೇನೋ. ಆಮೇಲೆ "ಇರ್ಲಿ ಬಿಡ. ನೀ ತೊಗೋ ಮನಿ" ಎಂದು ಮುಂದಿನ ಪೇಪರ್ ಎಳೆದುಕೊಂಡಳು.

ನಾನು ತೆಗೆದುಕೊಂಡೆ. ಮಗಳ ಶಾಲೆ ಶುರುವಾಗುವುದಿತ್ತು, ಇಷ್ಟು ನೀರು ಬರುವ ಮನೆ ಮತ್ತೆ ಸಿಗುತ್ತಿರಲಿಲ್ಲ, ನಮ್ಮ ಮನೆಯವರಿಗೆ ಗಾಳಿ ಬೆಳಕು ಹಿಡಿಸಿತ್ತು. ಎಲ್ಲ ಕಾರಣಗಳಿಗೂ ನೂರಕ್ಕೆ ನೂರು ಅಂಕ. ಇಷ್ಟರ ಮೇಲೆ ಇನ್ನೊಂದು ಘನಕಾರ್ಯ ಮಾಡಿದೆ. ಹಾಲು ಉಕ್ಕಿಸುವ ದಿನ ರೇಣುಕಾಳನ್ನು ಕರೆದೆ. ಗೆಳತಿಯನ್ನು ಬಿಟ್ಟು ಹಾಲು ಉಕ್ಕಿಸುವುದು ಹೇಗೆ, ತಪ್ಪು ತಿಳಿದಾಳು ಎಂದು. ಯಾವ ಹೊಸ್ತಿಲು ಅವಳಿಗೆ ಬೇಡವೆಂದಿತೋ ಅದೇ ಹೊಸ್ತಿಲಿಗೆ ಬಂದು ನನ್ನ ಉಪ್ಪಿಟ್ಟು ತಿನ್ನು ಎಂದು ಕರೆದೆ! ಅವಳು ಬರಲಿಲ್ಲ. ಬರಲಿಲ್ಲವೆಂದು ನಾನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ. ನನ್ನ ಸಿಟ್ಟಿಗೆ ಒಮ್ಮೊಮ್ಮೆ ನಾಚಿಕೆಯೂ ಇರುವುದಿಲ್ಲ.

ರೇಣುಕಾ ಮಳೆಗಾಲ ಮುಗಿಯುವ ತನಕ ಇಳಕಲ್‌ನಿಂದ ದಿನಾ ಬಸ್ಸಿನಲ್ಲಿ ಓಡಾಡಿ, ಆಮೇಲೆ ಊರಿನ ಇನ್ನೊಂದು ತುದಿಯ ಸೆಕ್ಟರಿನಲ್ಲಿ ಮನೆ ಹಿಡಿದಳು. ಮಾಳಿಗೆಯ ಮೇಲಿನದು. ಅವಳ ಅತ್ತೆ ಮೆಟ್ಟಿಲಿನ ಮೇಲೆ ಕೂತು, ಒಂದೊಂದಾಗಿ ಜಾರಿಕೊಂಡು ಇಳಿಯುತ್ತಾಳೆಂದು ಬೇರೆಯವರಿಂದ ತಿಳಿಯಿತು. ಈಗಲೂ ನಾವು ಒಂದೇ ಮೇಜಿಗೆ ಕೂತು ಉಣ್ಣುತ್ತೇವೆ. ಡಬ್ಬಿ ಅದಲುಬದಲಾಗುತ್ತದೆ, ಜಗಳವಿಲ್ಲ, ಮಾತು ಬಿಟ್ಟಿಲ್ಲ. ನನ್ನ ಮಗಳ ಓದು, ನನ್ನ ಬೆನ್ನುನೋವು ಎಲ್ಲ ವಿಚಾರಿಸುತ್ತಾಳೆ. ನನ್ನ ಮನೆಯ ಸುದ್ದಿಯೊಂದನ್ನು ಎತ್ತುವುದಿಲ್ಲ.

ಮೇಲಿನ ಮನೆ ಈ ವಾರ ಮತ್ತೆ ಖಾಲಿಯಾಗಿದೆ. "ನಿಮ್ಮ ಪೈಕಿ ಯಾರರೆ ಇದ್ರ ಹೇಳ್ರಿ" ಎಂದು ಮಾಲಕರ ಹೆಂಡತಿ ನಿನ್ನೆ ಗೇಟಿನಲ್ಲಿ ಹೇಳಿದ್ದರು. ನಾನು ಒಂದು ಮಾತು ಹೇಳಿದರೆ ಸಾಕು, ಸವಿತಾ ನಾಳೆಯೇ ಸಾಮಾನು ಇಳಿಸಬಹುದು. ಕರಕಲು ರೊಟ್ಟಿಯ ಸಿಟ್ಟಿನಲ್ಲೇ ಶಾಲೆಗೆ ಹೋದವಳು ಊಟದ ಹೊತ್ತಿಗೆ ರೇಣುಕಾಳ ಮುಂದೆ ಎಲ್ಲ ಕಕ್ಕಿದೆ. ಅಳಿಯನ ಮಾತು ಸುಳ್ಳೆಂದು ಅವತ್ತೇ ನನಗೆ ಗೊತ್ತಿತ್ತು ಎಂದೆ. ಕೆಳಗಿನ ಮನೆ ನಿನಗೆ ಬಿಡುತ್ತೇನೆ, ನಾನು ಮೇಲೆ ಹೋಗುತ್ತೇನೆ, ಆ ಹಿರಿಯರ ಕೂಡ ನಾನು ಜಗಳಕ್ಕೆ ನಿಲ್ಲುತ್ತೇನೆ ಎಂದು ಮೇಜು ಗುದ್ದಿದೆ. ಆಚೆ ಕೂತ ಡ್ರಿಲ್ ಮಾಸ್ತರರು ಗಾಬರಿಯಾಗಿ ನೋಡಿದರು.

ರೇಣುಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನನಗ ಮನಿ ಸಿಕ್ಕು ಏಳು ವರ್ಷಾತು" ಎಂದಳು. ಆಮೇಲೆ ಮೆಲ್ಲಗೆ, ತಪ್ಪು ಬರೆದ ಹುಡುಗನನ್ನು ಕೇಳುವ ಹಾಗೆ ಕೇಳಿದಳು: "ನೀ ಯಾಕ ಇನ್ನೂ ಅಲ್ಲೇ ಅದೀ?"

ಉತ್ತರ ನನ್ನ ಬಳಿ ಒಂದಲ್ಲ, ಹತ್ತಿದ್ದವು. ಮೇಜು ಗುದ್ದಿದ ಕೈಯಿಂದಲೇ ಡಬ್ಬಿಯ ಮುಚ್ಚಳ ಹಾಕಿದೆ. ಹಿರಿಯರ ಮೇಲೆ ಏಳು ವರ್ಷ ಸಿಟ್ಟು ಮಾಡುತ್ತ, ತಿಂಗಳು ತಿಂಗಳು ಬಾಡಿಗೆ ಕೊಡಲು ಅವರ ಬಾಗಿಲಿಗೆ ಹೋಗಿ ನಮಸ್ಕಾರ ಹೇಳಿ ಬರುತ್ತಿದ್ದವಳು ನಾನು.

ಸಂಜೆ ನಮ್ಮ ಮನೆಯವರಿಗೆ, ಮನೆ ಬಿಡೋಣ, ರೇಣುಕಾ ಇರುವ ಕಡೆ ಹುಡುಕೋಣ ಎಂದೆ. "ಅಲ್ಲಿ ನಮ್ಮ..." ಎಂದು ಶುರು ಮಾಡಿದವರು ಅಲ್ಲಿಗೇ ತಡೆದರು. ಆಮೇಲೆ "ಭಾನುವಾರ ಹೋಗಿ ನೋಡೂನು" ಎಂದರು. ಹೊಸ ಮನೆಯ ಬಾಗಿಲಲ್ಲಿ ಯಾರು ನಮ್ಮನ್ನು ಏನು ಕೇಳುತ್ತಾರೋ ಗೊತ್ತಿಲ್ಲ. ರೇಣುಕಾ ಆ ಮನೆಗಾದರೂ ಬರುತ್ತಾಳೆಂದು ನನಗೆ ಯಾರೂ ಮಾತು ಕೊಟ್ಟಿಲ್ಲ.

ಈಗ ಸವಿತಾಳ ಫೋನು ಬಂತು. ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರವೇ ಇಲ್ಲವಲ್ಲ ಎಂದಳು. ಎಲ್ಲಿ ಬೇಕಾದರೂ ಹುಡುಕು, ನಾನಿರುವ ಮನೆಯ ಮೇಲಿನದು ಖಾಲಿ ಇದೆ, ಅದು ಮಾತ್ರ ಬೇಡ, ಈ ಮನೆ ಚಲೋ ಇಲ್ಲ ಎಂದೆ.

"ಯಾಕಬೇ ಚಿಗವ್ವ, ನೀರು ಬರೂದಿಲ್ಲೇನು?"

"ನೀರು ಭೇಷಿ ಬರ್ತೈತಿ" ಎಂದೆ. "ನನ್ನ ಗೆಳತಿ ಬರೂದಿಲ್ಲ."