ತಳದಲ್ಲಿ ಉಳಿಸಿದ ನುಡಿ

ನಗಬೇಡಿ. ಕಂಪ್ಯೂಟರಿನಲ್ಲಿ ಒಂದು ಹಾಡಿನ ಫೈಲನ್ನು ಎಂಪಿ ತ್ರೀ ಮಾಡಲು ಕೂರುವ ಮೊದಲು ನಾನು ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟಿದ್ದೆ. ಯಾಕೆಂದರೆ ಆ ಫೈಲಿನಲ್ಲಿ ನಮ್ಮ ಅವ್ವ ಇದ್ದಳು.

ವಿಜಯಪುರದಲ್ಲಿ ನನ್ನ ತಂಗಿ ಸುಮಿತ್ರಾಳ ಮದುವೆಯಾದಾಗ ಅವ್ವ ಹಾಡಿದ ಸುರಗಿಯ ಹಾಡನ್ನು ನನ್ನ ಬಟನ್ ಫೋನಿನಲ್ಲಿ ಹಿಡಿದಿಟ್ಟಿದ್ದೆ. ನಾಲ್ಕು ಮೂಲೆಗೆ ಚೊಂಬಿಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣ ಹಚ್ಚುವಾಗ ಹೇಳುವ ಹಾಡು ಅದು. ಅವ್ವ ಈಗಿಲ್ಲ. ನನ್ನ ಮಗಳು ಸ್ನೇಹಾಳ ಮದುವೆ ಗೊತ್ತಾದಾಗ ಅವಳು ಕೇಳಿದ್ದು ಒಂದೇ: "ಹಳದಿಗೆ ಅಜ್ಜಿ ಆವಾಜ್ ಬೇಕು ಪಪ್ಪಾ. ಬಾಕಿ ಕುಛ್ ನಹೀ." ಮರಾಠಿ ನಾಡಿನಲ್ಲಿ ನಾವಿರುವ ಭಾಂಡುಪ್‌ನ ಮದುವೆ ಹಾಲ್‌ನ ಸೌಂಡಿನವನು ಫೈಲ್ ನೋಡಿ, ಇದು ಯಾವ ಕಾಲದ್ದು, ನನ್ನ ಮಶೀನಿಗೆ ಎಂಪಿ ತ್ರೀ ಬೇಕು ಎಂದು ಕೈ ಅಲ್ಲಾಡಿಸಿಬಿಟ್ಟ. ಇತ್ತ ಫೋನಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅದು ಹೋದರೆ ಅವ್ವನ ದನಿಯೂ ಹೋದಂತೆಯೇ.

ನಾನು ವಿಮಾ ಕಚೇರಿಯ ಮನುಷ್ಯ. ಓದದೆ ಯಾವುದಕ್ಕೂ ಕೈ ಹಾಕುವವನಲ್ಲ. ಓದಿದೆ, ಬೆರಗಾದೆ. ಫೈಲಿನಲ್ಲಿ ದನಿಯೇ ಇರುವುದಿಲ್ಲವಂತೆ, ಬರೀ ಅಂಕಿಗಳು. ಅವನ್ನು ಬಿಚ್ಚಿ ಬೇರೆ ರೀತಿಯಲ್ಲಿ ಜೋಡಿಸಿದರೆ ಹಾಡು ಹೊಸ ಮನೆಗೆ ಬರುತ್ತದೆ. ಎಂಪಿ ತ್ರೀಯಂತೂ ನಮ್ಮ ಕಿವಿಗೆ ಗೊತ್ತಾಗದ ಸಣ್ಣಪುಟ್ಟ ಸದ್ದುಗಳನ್ನು ಬಿಟ್ಟುಬಿಡುತ್ತದಂತೆ. ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಅವ್ವ ನುಡಿ ನುಡಿಗೂ, ಅಂದರೆ ಹಾಡಿನ ಚರಣ ಚರಣಕ್ಕೂ, ಗಂಟಲು ಸರಿಮಾಡಿಕೊಳ್ಳುತ್ತಿದ್ದಳಲ್ಲ, ಅದು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ವಿಜಯಪುರದಿಂದ ಭಾಂಡುಪ್‌ಗೆ ಬಂದ ನಮ್ಮ ಕನ್ನಡವೂ ಹೀಗೇ ಎಷ್ಟನ್ನೋ ಬಿಟ್ಟುಕೊಟ್ಟಿದೆ. ಸ್ನೇಹಾಳ ಮಾತು ಕೇಳಿದಾಗಲೆಲ್ಲ ನಾನು ಅದರ ಲೆಕ್ಕ ಹಾಕಿ ಮುಖ ಸಪ್ಪಗೆ ಮಾಡಿಕೊಳ್ಳುತ್ತೇನೆ.

ಅಷ್ಟರಲ್ಲಿ ನನ್ನ ಹೆಂಡತಿ ಗಂಗಾ ಬಂದು, ಆ ಕಡೆ ಸುರುವಿದರೆ ಈ ಕಡೆ ಖಾಲಿಯಾಗುತ್ತದೆಯೇ ಎಂದು ಕೇಳಿದಳು. ನಮ್ಮಲ್ಲಿ ಜೋಳದ ಹಿಟ್ಟನ್ನು ಡಬ್ಬಿಯಿಂದ ಡಬ್ಬಿಗೆ ಹಾಕುವಾಗ ತಳದಲ್ಲಿ ಒಂದು ಹಿಡಿ ಬಿಡುತ್ತಾರೆ. ಪೂರ್ತಿ ಬರಿದು ಮಾಡಬಾರದು. ಹಳೆಯದು ಹಳೆಯ ಜಾಗದಲ್ಲೇ ಇರುತ್ತದೆ, ಇದು ಬರೀ ನಕಲು ಎಂದು ನಾನು ದೊಡ್ಡ ಪಂಡಿತನ ಹಾಗೆ ವಿವರಿಸಿದೆ. ಅವಳು ಎಲ್ಲ ಕೇಳಿ, "ಇರ್ಲಿ ಬಿಡ್ರಿ. ಆದ್ರೂ ಪೂರ್ತಿ ಸುರುವಬ್ಯಾಡ್ರಿ, ತಳದಾಗ ಇಷ್ಟ ಬಿಡ್ರಿ" ಅಂದಳು.

ನಕ್ಕೆ. ನಕ್ಕವನ ಕೈ ಮಾತ್ರ ಪರದೆಯ ಮೇಲೆ ಹಾಡು ಮುಗಿಯುವ ಗುರುತನ್ನು ತುಸು ಹಿಂದಕ್ಕೆ ಎಳೆಯಿತು. ಕೊನೆಯ ನುಡಿ ಹಳೇ ಫೋನಿನಲ್ಲೇ ಉಳಿಯಿತು. ಬಟನ್ ಒತ್ತಿದೆ. ಹಸಿರು ಪಟ್ಟಿ ಸರಿಯುತ್ತ ತುದಿ ಮುಟ್ಟಿತು. ಆಮೇಲೆ ಕೇಳಿದರೆ ಅವ್ವ! ಗಂಟಲು ಸರಿಮಾಡಿಕೊಂಡದ್ದೂ ಇತ್ತು, ಬಳೆಯ ಸದ್ದೂ ಇತ್ತು. ಇಷ್ಟು ಅಂಕಿಗಳಿಂದ ಒಬ್ಬ ತಾಯಿ ಹೇಗೆ ಎದ್ದು ಬರುತ್ತಾಳೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹಳದಿಯ ದಿನ ಆಳೆತ್ತರದ ಸ್ಪೀಕರುಗಳಲ್ಲಿ ಅವ್ವ ಹಾಡಿದಳು. ಕುಣಿಯಲು ಸಜ್ಜಾಗಿ ಬಂದಿದ್ದ ಬಿಲ್ಡಿಂಗಿನ ಹೆಂಗಸರೆಲ್ಲ ಅಲ್ಲಲ್ಲೇ ನಿಂತು ಕೇಳಿದರು. ನೂಲಿನ ನಡುವೆ ಕೂತ ಸ್ನೇಹಾ ಕಣ್ಣು ಮುಚ್ಚಿದ್ದಳು. ಹಾಡು ತಟ್ಟನೆ ನಿಂತಿತು. ಸೌಂಡಿನವನು ಗಾಬರಿಯಾಗಿ ವೈರು ಅಲುಗಾಡಿಸಿದ. ನನಗೆ ಭೂಮಿಗಿಳಿದು ಹೋದಂತಾಯಿತು. ಮದುಮಗಳ ಹೆಸರು ಬರುವುದೇ ಆ ಕೊನೆಯ ನುಡಿಯಲ್ಲಿ!

ಆಗ ಸುಮಿತ್ರಾ, ಅರಿಷಿಣದ ಕೈಯಲ್ಲೇ, ಅವ್ವ ನಿಲ್ಲಿಸಿದ ಜಾಗದಿಂದ ಅದೇ ಧಾಟಿಯಲ್ಲಿ ಎತ್ತಿಕೊಂಡಳು. ಗಂಗಾ ದನಿಗೂಡಿಸಿದಳು. ಹೆಸರು ಬರುವಲ್ಲಿ ಸ್ನೇಹಾ ಎಂದರು. ಪೂರ್ತಿ ಹಾಡನ್ನು ತಂದಿದ್ದರೆ ಅಲ್ಲಿ ಸ್ಪೀಕರು ಸುಮಿತ್ರಾಳ ಹೆಸರನ್ನು ಕೂಗುತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ಗಂಗಾಳ ಕಡೆ ನೋಡಿದೆ. ಅವಳಿಗೆ ಹಾಡಿನ ನಡುವೆ ನನ್ನ ಮುಖ ನೋಡಲು ಪುರುಸೊತ್ತಿರಲಿಲ್ಲ.

ಗಂಡನ ಮನೆಗೆ ಹೊರಟ ಸ್ನೇಹಾ ಆ ಫೈಲನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಕೊನೆಯ ನುಡಿ ಸೇರಿಸಿ ಕೊಡಲೇ ಎಂದೆ. "ನಕೋ ಪಪ್ಪಾ, ಹಂಗೇ ಇರ್ಲಿ," ಅಂದಳು. "ಅದು ನನ್ಗೆ ಹಾಡೋಕೆ ಆತಾ ಹೈ."