ಕೈಕಟ್ಟು ಮೇಷ್ಟ್ರ ಬೆರಳು

ಪೈಲಟ್ಟುಗಳಿಗೆ ತರಬೇತಿ ಕೊಡುವ ಆ ಕಟ್ಟಡದಲ್ಲಿ ಎಲ್ಲರಿಗೂ ಅವರು ಕೈಕಟ್ಟು ಮೇಷ್ಟ್ರು. ಅಲ್ಲೊಂದು ಅಭ್ಯಾಸದ ಕಾಕ್‌ಪಿಟ್ ಇದೆ. ಅದು ನೆಲ ಬಿಟ್ಟು ಒಂದಡಿಯೂ ಮೇಲೇಳದು, ಆದರೆ ಒಳಗೆ ಕೂತವರಿಗೆ ಆಕಾಶದಲ್ಲೇ ಇದ್ದೇವೆ ಅನ್ನಿಸುತ್ತದೆ. ಇಳಿಯುವ ದಾರಿಯನ್ನು ಕಂಪ್ಯೂಟರಿಗೆ ಟೈಪ್ ಮಾಡಿದವರು ಕೊನೆಯ ಗುಂಡಿ ಒತ್ತುವ ಮೊದಲು ಕೈಕಟ್ಟಿ ಕೂರಬೇಕು, ಪಕ್ಕದವರು ಆ ದಾರಿಯನ್ನು ಗಟ್ಟಿಯಾಗಿ ಓದಿ "ಸರಿ" ಅನ್ನಬೇಕು, ಗುಂಡಿ ಆಮೇಲೆ. ಇದು ಮೇಷ್ಟ್ರ ಕಾನೂನು. ಮೀಸೆ ಬಂದವರನ್ನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೂರಿಸುತ್ತಾರಲ್ಲ ಎಂದು ಕಲಿಯುವವರು ಬೆನ್ನ ಹಿಂದೆ ನಗುತ್ತಿದ್ದರು.

ಒಂದು ಕಾಲದಲ್ಲಿ ಇದೇ ಮೇಷ್ಟ್ರ ಬೆರಳುಗಳಿಗೆ ಕಡಿವಾಣವೇ ಇರಲಿಲ್ಲ. ಅವರ ಅಪ್ಪ ಕೋರ್ಟಿನಲ್ಲಿ ಟೈಪಿಸ್ಟು. ರಜೆ ಬಂದರೆ ಮಗನನ್ನು ಹಳೆಯ ಮೆಷಿನ್ನಿನ ಮುಂದೆ ಕೂರಿಸಿ, ಕೀಲಿಗಳ ಮೇಲೆ ಟವೆಲ್ ಹೊದಿಸಿ, ನೋಡದೆ ಟೈಪ್ ಮಾಡಿಸುತ್ತಿದ್ದರು. "ಬೆರಳಿಗೆ ದಾರಿ ಗೊತ್ತಿರತ್ತೆ ಕಣೋ, ನೀನು ಅಡ್ಡ ಬರ್ಬೇಡ," ಅನ್ನುತ್ತಿದ್ದರು. ಮಗ ಪೈಲಟ್ಟಾದ, ಕ್ಯಾಪ್ಟನ್ ಆದ. ಬೆರಳಿನ ಜಂಬ ಮಾತ್ರ ಹಾಗೇ ಉಳಿಯಿತು. ಪಕ್ಕದ ಸೀಟಿನ ಕಿರಿಯರು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ಇಳಿಯಲು ಇನ್ನು ಹತ್ತು ನಿಮಿಷ ಅನ್ನುವಾಗ, ಗಾಳಿ ತಿರುಗಿದೆ, ಬೇರೆ ರನ್‌ವೇಗೆ ಬನ್ನಿ ಎಂದು ಕೆಳಗಿನಿಂದ ಹೇಳಿದರು. ಹಾಕಿದ್ದ ದಾರಿಯನ್ನು ಅಳಿಸಿ ಹೊಸದು ಹಾಕಬೇಕು. ವಿಮಾನ ಹಾರಿಸುವವರು ಹಾರಿಸುವುದನ್ನಷ್ಟೇ ನೋಡಿಕೊಳ್ಳಬೇಕು, ಟೈಪ್ ಮಾಡುವುದು ಪಕ್ಕದವರ ಕೆಲಸ. ಹಾಗಂತ ನಿಯಮ. ಆವತ್ತು ಹಾರಿಸುತ್ತಿದ್ದವರು ಇವರು. ಪಕ್ಕದಲ್ಲಿದ್ದವಳು ಇಪ್ಪತ್ತಾರರ ಕೋ-ಪೈಲಟ್, ಅಳೆದು ತೂಗಿ ಕೆಲಸ ಮಾಡುವ ಹುಡುಗಿ. ಅವಳಿನ್ನೂ ರೇಡಿಯೋದಲ್ಲಿ ಉತ್ತರ ಕೊಡುತ್ತಿದ್ದಳು. ಕ್ಯಾಪ್ಟನ್ನರಿಗೆ ತಾಳ್ಮೆ ಎಲ್ಲಿಂದ ಬರಬೇಕು? ತಾವೇ ಕೀಲಿಗಳಿಗೆ ಕೈ ಹಾಕಿದರು. ದಾರಿಯಲ್ಲಿ ದಾಟಬೇಕಾದ ಒಂದು ಗುರುತಿನ ಹೆಸರು ಹೊಡೆದರೆ ತೆರೆಯ ಮೇಲೆ ಅದೇ ಹೆಸರಿನವು ಎರಡು ಬಂದವು. ಒಂದು ನೇರ ಎದುರಿಗಿತ್ತು, ಇನ್ನೊಂದು ಎಡಗಡೆ ಬೆಟ್ಟಗಳಾಚೆ. ಮೇಲೆ ಕಂಡದ್ದನ್ನೇ ಆರಿಸಿಬಿಟ್ಟರು.

"ಒಂದ್ನಿಮಿಷ ಸಾರ್," ಅಂದಳು ಹುಡುಗಿ.

ಅಷ್ಟರಲ್ಲಿ ಗುಂಡಿ ಒತ್ತಿ ಆಗಿತ್ತು. ವಿಮಾನ ಮೋಡದೊಳಗೇ ಬೆಟ್ಟದ ಕಡೆಗೆ ಹೊರಳಿತು. ಎಚ್ಚರಿಕೆಯ ಗಂಟೆ ಬಡಿದುಕೊಂಡಾಗ ಮೂಗೆತ್ತಿ ಮೇಲಕ್ಕೆ ಹಾರಿಸಿ ಹೇಗೋ ಪಾರಾದರು. ಯಾರೂ ಸಾಯಲಿಲ್ಲ. ಹಿಂದೆ ನಿಂತಿದ್ದ ಗಗನಸಖಿಯೊಬ್ಬಳ ಮೊಣಕೈ ಮುರಿಯಿತು.

ವಿಚಾರಣೆ ನಡೆಯಿತು. ಗುಂಡಿ ಒತ್ತಿದ್ದಕ್ಕೆ ದಾಖಲೆ ಇತ್ತು, ಯಾರ ಬೆರಳು ಅನ್ನುವುದಕ್ಕೆ ಇರಲಿಲ್ಲ. ಕಾಕ್‌ಪಿಟ್ಟಿನ ಮಾತಿನ ರೆಕಾರ್ಡಂತೂ ಹಳೆಯದರ ಮೇಲೆ ಹೊಸದು ತುಂಬಿ ಆಗಲೇ ಅಳಿಸಿಹೋಗಿತ್ತು.

"ಟೈಪ್ ಮಾಡಬೇಕಾದವರು ಯಾರು?" ಎಂದು ವಿಚಾರಣಾಧಿಕಾರಿ ಕೇಳಿದರು.

"ರೂಲ್ ಪ್ರಕಾರ ಅವರು ಸಾರ್," ಅಂದರು ಕ್ಯಾಪ್ಟನ್.

ನೋಡಿ, ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳುವ ಧೈರ್ಯವಿಲ್ಲದವನು ಇಂಥ ಸತ್ಯಗಳನ್ನೇ ಹುಡುಕುತ್ತಾನೆ. ಹುಡುಗಿ ಅಲ್ಲಿ ಏನು ಹೇಳಿದಳೋ ಕ್ಯಾಪ್ಟನ್ ಕೇಳಲೂ ಹೋಗಲಿಲ್ಲ. ಅವಳನ್ನು ಮತ್ತೆ ತರಬೇತಿಗೆ ಹಾಕಿದರು. ಮೂರು ತಿಂಗಳಿಗೆ ಅವಳೇ ಕೆಲಸ ಬಿಟ್ಟಳು. ಸುದ್ದಿ ಕೇಳಿ ಕ್ಯಾಪ್ಟನ್ನರಿಗೆ ಒಳಗೊಳಗೇ ನಿರಾಳವಾಯಿತು. ಮುಂದೆ ಅವರಿಗೆ ಹೆಚ್ಚು ನಾಚಿಕೆ ತಂದದ್ದು ಗುಂಡಿಯಲ್ಲ, ಆ ನಿರಾಳ.

ಮೇಷ್ಟ್ರಾದ ಮೇಲೆ ಕೈಕಟ್ಟುವ ಕಾನೂನು ತಂದರು. ಅದನ್ನೇ ಪ್ರಾಯಶ್ಚಿತ್ತ ಅಂದುಕೊಂಡರು. ಪಾಪ ಒಂದು ಕಡೆ ಮಾಡಿ ಪ್ರಾಯಶ್ಚಿತ್ತ ಇನ್ನೊಂದು ಕಡೆ ಮಾಡಿದರೆ ಲೆಕ್ಕ ಸರಿಹೋಗುತ್ತದೆಯೇ? ಮೊನ್ನೆ ಅಭ್ಯಾಸದಲ್ಲಿ ಒಬ್ಬಳು ಹೊಸ ಪೈಲಟ್ "ಒಂದ್ನಿಮಿಷ," ಅಂದಳು. ಪಕ್ಕದವನು ಕಾನೂನು ಮರೆತು ಒತ್ತಿಯೇಬಿಟ್ಟ. ಮೇಷ್ಟ್ರು ಬೈಯಲಿಲ್ಲ, ದೀಪ ಹಾಕಿಸಿ ಹೊರಗೆ ಹೋದರು. "ಮೇಷ್ಟ್ರಿಗೂ ಹೀಗೇ ಆಗಿತ್ತೇನೋ," ಎಂದು ಒಳಗಿಂದ ಯಾರೋ ತಮಾಷೆ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಮೇಷ್ಟ್ರು ತಮ್ಮ ಬೆರಳುಗಳನ್ನು ಜೇಬಿಗೆ ತುರುಕಿಕೊಂಡರು.

ಸಂಜೆ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದರು. ಆಕೆ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟರು.

"ನನ್ನ ಹತ್ರ ಯಾಕೆ ಹೇಳ್ತೀರಿ? ಹೇಳ್ಬೇಕಾಗಿರೋದು ನನಗಲ್ಲ."

ಹಳೆಯ ಸಹೋದ್ಯೋಗಿಯೊಬ್ಬರಿಂದ ವಿಳಾಸ ಸಿಕ್ಕಿತು. ಅದೊಂದು ಕನ್ನಡಕದ ಅಂಗಡಿ. ಹುಡುಗಿಗೆ ಈಗ ನಲವತ್ತು, ಅಲ್ಲೇ ಕಣ್ಣು ಪರೀಕ್ಷೆ ಮಾಡುವ ಕೆಲಸ. ನೋಡಿದ ಕೂಡಲೇ ಗುರುತು ಹಿಡಿದಳು.

"ಅಯ್ಯೋ, ಕ್ಯಾಪ್ಟನ್ ಸಾರ್! ಬನ್ನಿ, ಕೂತ್ಕೊಳ್ಳಿ. ಕಣ್ಣು ತೋರಿಸಕ್ಕೆ ಬಂದ್ರಾ?"

ಹೌದು ಅಂದುಬಿಟ್ಟರು. ಹೇಡಿಗೆ ನೆಪ ಒಂದು ಸಿಕ್ಕರೆ ಸಾಕು. ಅವಳು ಒಂದೊಂದೇ ಗಾಜು ಬದಲಿಸಿ, "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳಿದಳು. ಬಲಗಣ್ಣು ಒಂದೂಕಾಲು, ಎಡಗಣ್ಣು ಒಂದೂವರೆ ಎಂದು ಚೀಟಿಯಲ್ಲಿ ಬರೆದು ಗಟ್ಟಿಯಾಗಿ ಓದಿದಳು. ಇನ್ನೊಮ್ಮೆ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು.

"ಬೇಜಾರು ಮಾಡ್ಕೋಬೇಡಿ ಸಾರ್. ಆವತ್ತಿಂದ ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ. ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು. ಒಂದು ಸಲ ಸಾರಿ ಕೇಳ್ಬೇಕು ಅನ್ಕೊಂಡಿದ್ದೆ."

ಮೇಷ್ಟ್ರು ಕುರ್ಚಿಯಲ್ಲಿ ಮುಂದೆ ಬಾಗಿದರು. "ನೀನು ಒತ್ತಿದ್ದು ಅಂತ ಯಾರು ಹೇಳಿದ್ರಮ್ಮ?"

"ಎಲ್ಲಾರೂ. ಮೊದಮೊದಲು ನಾನಲ್ಲ ಅಂತಿದ್ದೆ. ಅಷ್ಟು ಸಲ ಕೇಳಿದ್ಮೇಲೆ ನನಗೂ ನಾನೇ ಒತ್ತಿದ ಹಾಗೆ ನೆನಪಾಗಕ್ಕೆ ಶುರುವಾಯ್ತು. ಆಮೇಲೆ ಒಪ್ಕೊಂಡೆ."

ತಮಗೆ ಶಾಪ ಹಾಕಿಕೊಂಡಾದರೂ ಅವಳು ಇದ್ದಾಳೆ ಎಂದು ಅವರು ಇಷ್ಟು ವರ್ಷ ನಂಬಿದ್ದರು. ಅವಳು ಶಾಪ ಹಾಕಿಕೊಂಡದ್ದು ತನಗೇ.

"ಆ ಬೆರಳು ನನ್ನದು," ಅಂದರು. "ನೀನು ರೇಡಿಯೋದಲ್ಲಿದ್ದೆ. ಒಂದ್ನಿಮಿಷ ಸಾರ್ ಅಂದೆ. ನಾನು ಕೇಳಲಿಲ್ಲ."

ಅವಳ ಕೈ ಚೀಟಿಯ ಮೇಲೇ ನಿಂತಿತು. "ಹಾಗಂದಿದ್ದು ನಿಜನಾ? ನಾನು ಸಮಾಧಾನಕ್ಕೆ ಕಟ್ಕೊಂಡಿದ್ದು ಅನ್ಕೊಂಡಿದ್ದೆ."

"ನಿಜ. ಎಲ್ಲ ಬರ್ಕೊಂಡು ಬಂದಿದೀನಿ. ನಮ್ಮ ಕಂಪನಿ ಆಫೀಸಿಗೂ ಕಳ್ಸಿದೀನಿ," ಎಂದು ಲಕೋಟೆ ಚಾಚಿದರು.

ಅವಳು ತೆಗೆದುಕೊಳ್ಳಲಿಲ್ಲ. "ಇದನ್ನ ಈಗ ಯಾರಿಗೆ ತೋರಿಸ್ಲಿ ಸಾರ್? ನಮ್ಮಪ್ಪ ಹೋಗಿ ಆರು ವರ್ಷ ಆಯ್ತು. ಕೊನೇವರೆಗೂ, ಬಿಡು ಮಗಳೇ, ತಪ್ಪು ಎಲ್ಲಾರೂ ಮಾಡ್ತಾರೆ ಅಂತಾನೇ ಸಮಾಧಾನ ಹೇಳ್ತಿದ್ರು."

ಮೇಷ್ಟ್ರು ಲಕೋಟೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಕ್ಷಮಿಸು ಅಂದರು. ಆ ಮಾತು ಎಷ್ಟು ಸಣ್ಣದೆಂದು ಅಂದ ಮೇಲೆ ಗೊತ್ತಾಯಿತು. ಹೊರಗೆ ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಅವಳು ಹೊಸ ಚೀಟಿ ತೆಗೆದು ಅಂಕಿಗಳನ್ನು ಒಂದೇ ಉಸಿರಿಗೆ ಬರೆದಳು. ಈ ಸಲ ಓದಲಿಲ್ಲ.

"ಕನ್ನಡಕ ನಾಳಿದ್ದು ರೆಡಿ ಇರತ್ತೆ. ಬೇರೆ ಯಾರನ್ನಾದ್ರೂ ಕಳ್ಸಿ. ನೀವು ಬರ್ಬೇಡಿ," ಅಂದಳು.

ಹೆಂಡತಿಯೇ ಹೋಗಿ ತಂದರು. ಮೇಷ್ಟ್ರು ಹಾಕಿಕೊಂಡು, ಅವಳು ಮುಟ್ಟದ ಆ ಕಾಗದವನ್ನು ಬಿಡಿಸಿ ಓದಿದರು. ಸಣ್ಣ ಅಕ್ಷರಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಚೀಟಿಯಲ್ಲಿ ಒಂದು ಅಂಕಿಯನ್ನೂ ಅವಳು ತಪ್ಪು ಬರೆದಿರಲಿಲ್ಲ.