ಮೂರನೇ ಕಿಟಕಿಯ ಸಲಹೆ

ಕಾಲೇಜು ಕಚೇರಿಯ ಮೂರನೇ ಕಿಟಕಿಯ ಹಿಂದೆ ಕೂರುವ ಗುಮಾಸ್ತೆಯನ್ನು ವಿದ್ಯಾರ್ಥಿಗಳೆಲ್ಲ ಕಿಟಕಿ ಅಕ್ಕ ಎನ್ನುತ್ತಿದ್ದರು. ಅರ್ಜಿ ತೆಗೆದುಕೊಂಡು ತಾರೀಖಿನ ಮುದ್ರೆ ಒತ್ತುವುದು ಆಕೆಯ ಕೆಲಸ. ಸಲಹೆ ಕೊಡುವುದು ಮಾತ್ರ ಯಾರೂ ಹೇಳದೆ ತಾನಾಗಿ ತಲೆಯ ಮೇಲೆ ಹೊತ್ತುಕೊಂಡದ್ದು. ಮುಖ್ಯ ವಿಷಯ ಏನಾದರೂ ಇರಲಿ, ಜೊತೆಗಿನ ಉಪವಿಷಯ, ಅಂದರೆ ಮೈನರ್‌ಗೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಿ, ಕೆಲಸಕ್ಕೂ ಆಯಿತು, ಮುಂದೆ ಎಂಎಸ್ಸಿ ಸೀಟಿಗೂ ಆಯಿತು ಎಂದು ಹತ್ತೊಂಬತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ದಳು.

ಮಗಳಿಗೂ ಅದನ್ನೇ ಹೇಳಿದಳು. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಹುಡುಗಿಗೆ ಜೊತೆಯಲ್ಲಿ ಚಿತ್ರಕಲೆ ಕಲಿಯುವ ಆಸೆ. ಎಲೆ, ಬೇರು ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ಅಮ್ಮನ ಮಾತು ಮೀರಲಾರದೆ ಸಂಖ್ಯಾಶಾಸ್ತ್ರಕ್ಕೆ ಸೇರಿದಳು. ಅದು ಕಬ್ಬಿಣದ ಕಡಲೆ. ಅಗಿದೂ ಅಗಿದೂ ಹೇಗೋ ಪಾಸಾದಳು, ಆದರೆ ಅಷ್ಟರಲ್ಲಿ ಸಸ್ಯಶಾಸ್ತ್ರದ ಅಂಕಗಳೂ ಇಳಿದಿದ್ದವು. ಎಂಎಸ್ಸಿಗೆ ಕರೆ ಬಂದದ್ದು ಒಂದೇ ಕಡೆಯಿಂದ. ಅಂಕ ಕಡಿಮೆಯಾದರೂ ಮೈನರ್ ನೋಡಿ ಸೀಟು ಕೊಡುತ್ತೇವೆ, ಅದು ನಮೂದಾದ ಪ್ರಮಾಣಪತ್ರ ಶುಕ್ರವಾರದೊಳಗೆ ಬರಲಿ ಎಂದಿದ್ದರು.

ಮೈನರ್ ಪ್ರಮಾಣಪತ್ರದಲ್ಲಿ ಬರಬೇಕಾದರೆ ಕೊನೆಯ ಸೆಮಿಸ್ಟರಿನಲ್ಲಿ ಹಸಿರು ಅರ್ಜಿ ಕೊಡಬೇಕು. ಸಾಲಿನಲ್ಲಿ ನಿಂತವರಿಗೆಲ್ಲ ಕಿಟಕಿ ಅಕ್ಕ ಇದನ್ನು ನೆನಪಿಸುತ್ತಿದ್ದಳು. ಮನೆಯವರ ಕಾಗದ ತನ್ನ ಕಿಟಕಿಗೆ ಬರಕೂಡದು ಎಂಬ ಹಠ ಬೇರೆ ಇತ್ತು, ಹಾಗಾಗಿ ಮಗಳು ಪಕ್ಕದ ಕಿಟಕಿಯಲ್ಲಿ ಕೊಟ್ಟಿರುತ್ತಾಳೆ ಎಂದುಕೊಂಡಳು. ಮಗಳು, ಅಮ್ಮನೇ ಕೊಟ್ಟಿರುತ್ತಾಳೆ ಎಂದುಕೊಂಡಳು. ದೀಪದ ಬುಡದಲ್ಲೇ ಕತ್ತಲೆ.

ಪ್ರಮಾಣಪತ್ರ ಕೈಗೆ ಬಂದಾಗ ಅದರಲ್ಲಿ ಮೈನರ್ ಇರಲಿಲ್ಲ. ಗುರುವಾರ ಊಟದ ಹೊತ್ತಿಗೆ ಮಗಳು ಹಸಿರು ಅರ್ಜಿ ಹಿಡಿದು ಕಿಟಕಿಯ ಆಚೆ ನಿಂತಳು. ಒಳಗೆ ಬೇರೆ ಯಾರೂ ಇರಲಿಲ್ಲ. ಮುದ್ರೆಯ ತಾರೀಖಿನ ಚಕ್ರವನ್ನು ನಾಲ್ಕು ತಿಂಗಳು ಹಿಂದಕ್ಕೆ ತಿರುಗಿಸಿದರೆ ಕೆಲಸ ಮುಗಿಯುತ್ತಿತ್ತು. ಕಿಟಕಿ ಅಕ್ಕ ತಿರುಗಿಸಿಯೂ ಬಿಟ್ಟಳು. ಆಗ ನೆನಪಾದವಳು ಹೋದ ವರ್ಷದ ದರ್ಜಿಯ ಮಗಳು. ಇದೇ ಅರ್ಜಿ, ಮೂರೇ ದಿನ ತಡ. ತಾರೀಖು ಅಂದ್ರೆ ತಾರೀಖು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಅವಳನ್ನು ವಾಪಸು ಕಳಿಸಿದ್ದಳು. ಈಗ ನಾಚಿಕೆಯಾಯಿತು. ಚಕ್ರವನ್ನು ಮತ್ತೆ ಇವತ್ತಿಗೆ ತಂದು ಮುದ್ರೆ ಒತ್ತಿದಳು.

"ತಡ ಆಯ್ತು ಮಗಳೇ. ನನ್ ಕೈಲಿ ಆಗಲ್ಲ."

ಮಗಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಒದ್ದೆ ಮುದ್ರೆಯನ್ನೇ ನೋಡುತ್ತಾ ನಿಂತು ಕೇಳಿದಳು.

"ನಿನ್ ಮಾತು ಕೇಳಿ ಇದನ್ನ ತಗೊಂಡವರಲ್ಲಿ ಯಾರಿಗಾದ್ರೂ ಇದರಿಂದ ಕೆಲಸ ಸಿಕ್ಕಿದ್ಯಾ ಅಮ್ಮಾ? ಸೀಟಾದ್ರೂ?"

ಕಿಟಕಿ ಅಕ್ಕ ನೆನಪು ಕೆದಕಿದಳು. ನೂರಾರು ಮುಖಗಳು ಬಂದವು. ಅರ್ಜಿ ಕೊಟ್ಟು ಹೋದವರು ಯಾರೂ ವಾಪಸು ಬಂದು ಹೇಳಿರಲಿಲ್ಲ, ಇವಳೂ ಒಬ್ಬರನ್ನೂ ಕೇಳಿರಲಿಲ್ಲ.

"ಗೊತ್ತಿಲ್ಲ ಕಣೇ" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಆ ಕಿಟಕಿಯಿಂದ ಆ ಮಾತು ಹೊರಬಿದ್ದದ್ದು ಅದೇ ಮೊದಲು.